ಲ್ಯಾಪ್‌ಟಾಪ್ ಡಾಕ್
ಒಂದೇ ಕೇಬಲ್‌ನಲ್ಲಿ ಲ್ಯಾಪ್‌ಟಾಪ್‌ಗೆ ಮಾನಿಟರ್, ಕೀಬೋರ್ಡ್, ಪ್ರಿಂಟರ್, ಚಾರ್ಜಿಂಗ್ ಎಲ್ಲವನ್ನೂ ಜೋಡಿಸುವ ಪೆಟ್ಟಿಗೆ. 2014ರಲ್ಲಿ ಯುಎಸ್‌ಬಿ-ಸಿ ಬಂದ ಮೇಲೆ ಯಾವ ಕಂಪನಿಯ ಡಾಕ್ ಆದರೂ ಪ್ಲಗ್ ಕೂರುತ್ತದೆ. ತೊಡಕು ಶುರುವಾಗುವುದೇ ಅಲ್ಲಿ. ಅಗ್ಗದ ಲ್ಯಾಪ್‌ಟಾಪ್‌ಗಳ ಹಲವು ಸಿ-ಪೋರ್ಟುಗಳು ಡೇಟಾ ಮಾತ್ರ ಸಾಗಿಸುತ್ತವೆ, ಚಿತ್ರವನ್ನಲ್ಲ. ಪೋರ್ಟಿನ ಪಕ್ಕ ಡಿಸ್‌ಪ್ಲೇಪೋರ್ಟ್ ಗುರುತೋ ಥಂಡರ್‌ಬೋಲ್ಟ್‌ನ ಮಿಂಚಿನ ಗುರುತೋ ಇದ್ದರೆ ನಿಶ್ಚಿಂತೆ. ಇಲ್ಲದಿದ್ದರೆ ಮಾದರಿ ಸಂಖ್ಯೆ ಹಿಡಿದು ತಯಾರಕರ ವಿವರಪಟ್ಟಿ ನೋಡಬೇಕು. ಡಿಸ್‌ಪ್ಲೇಲಿಂಕ್ ಚಿಪ್‌ನ ಡಾಕ್ ಸಾದಾ ಯುಎಸ್‌ಬಿಯಲ್ಲೂ ಚಿತ್ರ ಕೊಡುತ್ತದೆ, ಆದರೆ ಡ್ರೈವರ್ ಹಾಕಿಕೊಳ್ಳಬೇಕು. 65 ವ್ಯಾಟ್ ಬೇಡುವ ಲ್ಯಾಪ್‌ಟಾಪ್‌ಗೆ 45 ವ್ಯಾಟ್ ಡಾಕ್ ಸಿಕ್ಕಿಸಿದರೆ ಕೆಲಸದ ನಡುವೆಯೇ ಬ್ಯಾಟರಿ ಇಳಿಯಬಹುದು. ಡಾಕ್ ಕೊಳ್ಳಲು ಚಾಮರಾಜನಗರ, ಗುಂಡ್ಲುಪೇಟೆಗಳಿಂದ ಮೈಸೂರಿಗೆ ಹೋಗುವುದಾದರೆ ಸುಮಾರು 60 ಕಿ.ಮೀ.; ಹೊಂದದ ಡಾಕ್ ಬದಲಿಸಲು ಮತ್ತೆ ಬಸ್ ಹತ್ತುವ ಬದಲು ಮೊದಲೇ ಲ್ಯಾಪ್‌ಟಾಪನ್ನು ಅಂಗಡಿಗೆ ಒಯ್ದು ಸಿಕ್ಕಿಸಿ ನೋಡುವುದು ಲೇಸು. ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಉಳಿದರೂ, ಸ್ವಂತ ಅಡಾಪ್ಟರ್ ನಂಬಿದ ಡಾಕ್ ಯುಪಿಎಸ್ ಇಲ್ಲದೆ ನಿಂತುಹೋಗುತ್ತದೆ.