ಒಳಲೆ, ಜೋಲಿ ಮತ್ತು ಹದಿನೈದು ನಿಮಿಷ

ಪಂಪಿನಲ್ಲಿ ಹಾಲು ತೆಗೆದು ಕೊಡುವ ತಾಯಿಗೂ ಎದೆಗೇ ಹಾಕಿಕೊಂಡು ಕುಡಿಸುವ ತಾಯಿಗೂ ಈಗ ನಡೆಯುತ್ತಿರುವ ವಾದದಲ್ಲಿ ಇಬ್ಬರೂ ಆಡುವುದು ಮಗುವಿನ ಹಿತದ ಮಾತನ್ನೇ. ಒಬ್ಬಳಿಗೆ ಮೈಗೆ ಮೈ ತಾಗಿಸಿ ಕುಡಿಸುವುದೇ ಹಾಲೂಡಿಸುವುದು. ಸೀಸೆಯಲ್ಲಿ ಅಳೆದು ಕೊಟ್ಟರೆ ಹಾಲು ಕೊಟ್ಟಂತಾಯಿತು, ಅಷ್ಟೇ. ಇನ್ನೊಬ್ಬಳಿಗೆ ಮಗು ಎಷ್ಟು ಕುಡಿಯಿತೆಂಬುದು ಕಣ್ಣಿಗೆ ಕಾಣುತ್ತದೆ, ಅಜ್ಜಿಯೋ ಗಂಡನೋ ಕುಡಿಸಬಹುದು, ಮೊಲೆತೊಟ್ಟು ಬಿರಿದು ನೋಯುವ ದಿನಗಳಲ್ಲೂ ಮಗುವಿಗೆ ತನ್ನ ಹಾಲೇ ಸಿಗುತ್ತದೆ. ಮನೆಯ ಹಿರಿಯರದು ಮೂರನೆಯ ದನಿ: ಎದೆಯಿಂದ ಹೊರಬಿದ್ದು ಹೊತ್ತಾದ ಹಾಲು ತಂಗಳು. ಈ ವಾದವನ್ನು ಮಮತೆಯ ಹೆಚ್ಚುಕಡಿಮೆ ಅಳೆಯುವ ವಾದವಾಗಿ ನೋಡುವುದು ತಪ್ಪು ಎಂದು ನನಗೆ ಅನ್ನಿಸುತ್ತದೆ. ಹಗಲು ಹೊತ್ತಿನಲ್ಲಿ ತಾಯಿ ಮಗುವಿನಿಂದ ಎಷ್ಟು ದೂರದಲ್ಲಿರುತ್ತಾಳೆ, ಅವಳ ಆ ಹೊತ್ತು ಯಾರ ವಶದಲ್ಲಿರುತ್ತದೆ ಎಂಬ ಎರಡು ಪ್ರಶ್ನೆಗಳು ಇದರ ಬುಡದಲ್ಲಿವೆ. ಬೇಲೂರು ತಾಲ್ಲೂಕಿನ ಅರೇಹಳ್ಳಿಯಂಥ ಕಾಫಿ ಸೀಮೆಯಲ್ಲಿ ಈ ಪ್ರಶ್ನೆಗಳು ಪಂಪು ಬರುವುದಕ್ಕೆ ಬಹಳ ಮೊದಲೇ ಎದ್ದಿದ್ದವು. ಅವುಗಳಿಗೆ ಸಿಕ್ಕ ಉತ್ತರ ಅರ್ಧ ಮಾತ್ರ.

ಮೊದಲು ಹಿರಿಯರ ಮಾತನ್ನು ತೆಗೆದುಕೊಳ್ಳೋಣ. ಎದೆಹಾಲನ್ನು ಹಿಂಡಿ ತೆಗೆಯುವುದು ಹೊರಗಿನಿಂದ ಬಂದ ಹೊಸ ಚಾಳಿ ಎಂಬುದು ನಮ್ಮ ಸಂಪ್ರದಾಯಕ್ಕೇ ಒಪ್ಪುವ ಮಾತಲ್ಲ. ಸುಶ್ರುತ ಸಂಹಿತೆಯ ಶಾರೀರಸ್ಥಾನ ಮಗುವಿಗೆ ಮೊಲೆ ಕೊಡುವ ಮುನ್ನ ಎದೆಯನ್ನು ತೊಳೆದು, ಸ್ವಲ್ಪ ಹಾಲನ್ನು ಹಿಂಡಿ ಚೆಲ್ಲಿ ಆಮೇಲೆ ಕುಡಿಸಬೇಕೆನ್ನುತ್ತದೆ. ತುಂಬಿ ಬಿಗಿದ ಎದೆಯನ್ನು ಹಾಗೆಯೇ ಕೊಟ್ಟರೆ ಮಗುವಿಗೆ ನೆತ್ತಿಗೇರಿ ಕೆಮ್ಮು, ವಾಂತಿ ಬರುತ್ತದೆಂಬ ಎಚ್ಚರಿಕೆಯೂ ಅಲ್ಲಿದೆ. ಬಿಸಿಲಲ್ಲಿ ದುಡಿದು ಬಂದವಳ ಹಾಲು ಕಾದಿರುತ್ತದೆಂದು ನಾಲ್ಕು ಹನಿ ಹಿಂಡಿ ಚೆಲ್ಲಿ ಕೂಸನ್ನು ಎತ್ತಿಕೊಳ್ಳುವ ರೂಢಿ ಹಳ್ಳಿಗಳಲ್ಲಿತ್ತು. ಹಾಲು ಕಾಯುತ್ತದೆಂಬ ನಂಬಿಕೆಗೆ ವೈದ್ಯಶಾಸ್ತ್ರದ ಆಧಾರವಿಲ್ಲ, ಆದರೆ ಕೈಯಲ್ಲಿ ಹಾಲು ಹಿಂಡುವ ವಿದ್ಯೆ ಮನೆಮನೆಯ ಹೆಂಗಸರಿಗೆ ಗೊತ್ತಿತ್ತೆಂಬುದಕ್ಕೆ ಅದು ಸಾಕ್ಷಿ. ಎದೆ ಕಟ್ಟಿದಾಗ, ಕೂಸಿಗೆ ಚೀಪುವ ಬಲ ಇಲ್ಲದಾಗ ಆ ವಿದ್ಯೆಯೇ ಆಸರೆ. ಹಿಂಡಿದ ಹಾಲನ್ನು ಕುಡಿಸಲು ಒಳಲೆಯಿತ್ತು. ಹಿತ್ತಾಳೆಯದೋ ಬೆಳ್ಳಿಯದೋ, ಅಂಗೈಯಲ್ಲಿ ಕೂರುವ ಪುಟ್ಟ ಬಟ್ಟಲು, ಒಂದು ಬದಿಗೆ ನೀಳವಾದ ಮೂತಿ, ಆಡುಮಾತಿನಲ್ಲಿ ಒಳ್ಳೆ. ತಮಿಳರು ಪಾಲಾಡೈ ಎನ್ನುವುದು ಇದನ್ನೇ, ಮತ್ತು ಆ ಹೆಸರಿನಿಂದಲೇ ಇದು ಇಂದಿಗೂ ಭಾರತದ ನವಜಾತ ಶಿಶು ಘಟಕಗಳಲ್ಲಿ ಉಳಿದಿದೆ. 32ರಿಂದ 34 ವಾರಕ್ಕೆ ಹುಟ್ಟಿದ, ಉಸಿರಾಟಕ್ಕೂ ಚೀಪುವಿಕೆಗೂ ಹೊಂದಾಣಿಕೆ ಇನ್ನೂ ಬಾರದ ಕೂಸಿಗೆ ತಾಯಿಯದೇ ಹಾಲನ್ನು ಒಳಲೆಯಲ್ಲಿ ಕುಡಿಸುತ್ತಾರೆ. ಬಾಣಂತಿ ಕೋಣೆಯ ಪಾತ್ರೆಯೊಂದು ಆಸ್ಪತ್ರೆಯ ಸಾಧನವಾದ ಈ ಕತೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳಬೇಕಿತ್ತು.

ಇಲ್ಲಿ ಒಂದು ವ್ಯತ್ಯಾಸ ಇದೆ, ಅದನ್ನು ಮುಚ್ಚಿಡಬಾರದು. ಒಳಲೆಯ ಕಾಲದಲ್ಲಿ ಹಾಲು ಹಿಂಡಿದವಳು ಮಗುವಿನ ಪಕ್ಕದಲ್ಲೇ ಇರುತ್ತಿದ್ದಳು. ಹಾಲನ್ನು ಹಿಂಡಿಟ್ಟು ತಾಯಿ ಹೊರಟುಹೋಗುವುದು, ಎಂಟು ಹತ್ತು ಗಂಟೆ ಬಾರದಿರುವುದು ಬೇರೆಯದೇ ಸಂಗತಿ. ಅದರ ಚರಿತ್ರೆಯನ್ನು ಕೂಲಿಯ ಚರಿತ್ರೆಯಲ್ಲಿ ಹುಡುಕಬೇಕು.

ಹಳೇಬೀಡು, ಅರಸೀಕೆರೆಯ ಕಡೆಯದು ರಾಗಿ, ತೆಂಗಿನ ಬಯಲು. ಅರೇಹಳ್ಳಿ ಹೋಬಳಿ ಮಾತ್ರ ಮಲೆನಾಡಿಗೆ ಸೇರಿದ ಕಾಫಿ ಸೀಮೆ. ಇದಕ್ಕೆ ನೆರೆಯಾದ ಮಂಜರಾಬಾದಿನಲ್ಲಿ, ಅಂದರೆ ಇಂದಿನ ಸಕಲೇಶಪುರದ ಕಡೆ, ಫ್ರೆಡರಿಕ್ ಗ್ರೀನ್ 1843ರಲ್ಲಿ ಕಾಫಿ ಕೃಷಿಗೆ ಕೈಹಾಕಿದ. 1850ರ ದಶಕದಲ್ಲಿ ರಾಬರ್ಟ್ ಎಲಿಯಟ್ ಬಂದ. ತೋಟಗಳು ಹಬ್ಬಿದಂತೆ ಆಳು ಬೇಕಾಯಿತು, ಮೂಡಣ ಬಯಲಿನಿಂದಲೂ ಘಟ್ಟದ ಕೆಳಗಿನಿಂದಲೂ ಮೇಸ್ತ್ರಿಗಳು ಮುಂಗಡ ಕೊಟ್ಟು ಕರೆತಂದರು. ಬಂದವರಲ್ಲಿ ಹೆಣ್ಣಾಳುಗಳು ಬಹಳ, ಏಕೆಂದರೆ ಹಣ್ಣು ಬಿಡಿಸುವುದು ಬಹುಮಟ್ಟಿಗೆ ಹೆಂಗಸರ ಕೈಯ ಕೆಲಸ. ಅರೇಬಿಕಾ ನವೆಂಬರಿನಿಂದ ಜನವರಿವರೆಗೆ, ರೊಬಸ್ಟಾ ಮಾರ್ಚಿನವರೆಗೂ ಕೊಯ್ಲು. ಹಣ್ಣು ಕಾಯುವುದಿಲ್ಲ, ಮಾಗಿದ್ದನ್ನು ಬಿಡಿಸದಿದ್ದರೆ ಒಣಗಿ ಉದುರುತ್ತದೆ. ಕೊಯ್ಲಿನಲ್ಲಿ ಬಿಡಿಸಿದ ತೂಕಕ್ಕೆ ಕೂಲಿ ಲೆಕ್ಕ ಹಾಕುವ ಕಡೆ ಮಗುವಿಗೆ ಮೊಲೆ ಕೊಡಲು ಕೂತ ಪ್ರತಿ ಗಳಿಗೆಯೂ ತೂಕದಲ್ಲಿ ಕಮ್ಮಿಯಾಗಿ ಕಾಣುತ್ತದೆ. ತಾಯಂದಿರ ಮುಂದಿದ್ದ ದಾರಿಗಳು ಎರಡು: ಕೂಸನ್ನು ಆಳುಗಳ ಸಾಲುಮನೆಯಾದ ಲೈನ್ ಮನೆಯಲ್ಲಿ ಮುದುಕಿಯ ಬಳಿಯೋ ಅಕ್ಕನ ಸೊಂಟದ ಮೇಲೋ ಬಿಟ್ಟು ಬರುವುದು, ಇಲ್ಲವೇ ತೋಟಕ್ಕೇ ತಂದು ಹಾಲವಾಣದ ಕೊಂಬೆಗೆ ಸೀರೆಯ ಜೋಲಿ ಕಟ್ಟಿ ಮಲಗಿಸುವುದು. ಜೋಲಿಯಲ್ಲಿ ಮಲಗಿದ ಕೂಸಿಗೆ ತಾಯಿ ಹತ್ತಿರ, ನೇರ ಹಾಲು ಸಿಕ್ಕಿತು. ಲೈನಿನಲ್ಲಿ ಉಳಿದದ್ದಕ್ಕೆ ಗಂಜಿ ನೀರು, ಹಸುವಿನ ಹಾಲು, ಸಂಜೆಯವರೆಗೆ ಅಳು.

ಈ ಹಂತದಲ್ಲಿ ಕಾನೂನು ಬರುತ್ತದೆ. ಹಾಲೂಡಿಸುವ ಹೊತ್ತು ಹಕ್ಕೆಂಬ ಮಾತನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹುಟ್ಟಿದ ವರ್ಷವೇ, 1919ರಲ್ಲೇ, ಹೇಳಿತ್ತು: ದಿನಕ್ಕೆ ಎರಡು ಬಾರಿ, ಅರ್ಧರ್ಧ ಗಂಟೆ. ನಮ್ಮಲ್ಲಿ ತೋಟದ ಕೂಲಿಗಳ ಸ್ಥಿತಿಗತಿಯನ್ನು ಡಿ. ವಿ. ರೇಗೆ ವಿಚಾರಣೆ ಮಾಡಿ 1946ರಲ್ಲಿ ವರದಿ ಕೊಟ್ಟರು. ಅದರ ಹಿಂದೆಯೇ ಬಂದ 1951ರ ತೋಟ ಕಾರ್ಮಿಕರ ಕಾಯಿದೆ 50 ಅಥವಾ ಹೆಚ್ಚು ಹೆಣ್ಣಾಳುಗಳಿರುವ ತೋಟದಲ್ಲಿ ಶಿಶುವಿಹಾರ ಕಡ್ಡಾಯ ಎಂದಿತು. 1961ರ ಹೆರಿಗೆ ಸೌಲಭ್ಯ ಕಾಯಿದೆ ಕಾರ್ಖಾನೆ, ಗಣಿಗಳ ಜೊತೆಗೆ ತೋಟಗಳಿಗೂ ಅನ್ವಯಿಸಿ, ಮಗುವಿಗೆ 15 ತಿಂಗಳು ತುಂಬುವವರೆಗೆ ಊಟದ ಬಿಡುವಿನ ಹೊರತಾಗಿ ದಿನಕ್ಕೆ ಎರಡು ಬಿಡುವು ಕೊಡಬೇಕೆಂದಿತು. ಬಿಡುವು ಎಷ್ಟು ಹೊತ್ತು ಎಂಬುದನ್ನು ನಿಯಮಗಳಿಗೆ ಬಿಟ್ಟರು. ಗಣಿಗಳಿಗಾಗಿ ಕೇಂದ್ರ ಮಾಡಿದ ನಿಯಮದಲ್ಲಿ ಅದು ತಲಾ 15 ನಿಮಿಷ, ಶಿಶುವಿಹಾರಕ್ಕೆ ಹೋಗಿಬರಲು ದೂರ ನೋಡಿ 5ರಿಂದ 15 ನಿಮಿಷ. ನನಗೆ ಈ ಎರಡನೆಯ ಲೆಕ್ಕ ಬಹಳ ಮುಖ್ಯವಾಗಿ ಕಾಣುತ್ತದೆ. ತಾಯಿಗೂ ಮಗುವಿಗೂ ನಡುವಿನ ದಾರಿಯನ್ನು ಕೂಲಿಯ ಹೊತ್ತಿನೊಳಗೆ ಸೇರಿಸಿ ಎಣಿಸಿದ ನಿಯಮ ಇದು. ಗೋವಿನ ಹಾಡಿನ ಪುಣ್ಯಕೋಟಿ ಹುಲಿಯಲ್ಲಿ ಕೇಳಿದ್ದೂ ಹೋಗಿಬರುವಷ್ಟು ಹೊತ್ತನ್ನೇ. ಆ ಹಾಡನ್ನು ಕೇಳಿ ಕಣ್ಣು ತುಂಬಿಕೊಳ್ಳುವ ನಾವು ಅದರಲ್ಲಿ ಸತ್ಯಸಂಧತೆಯನ್ನು ಮಾತ್ರ ಕಾಣುತ್ತೇವೆ, ಕರುವಿಗೆ ಒಮ್ಮೆ ಹಾಲು ಕೊಡಲು ತಾಯಿ ಕೇಳಿದ ಬಿಡುವನ್ನು ಗಮನಿಸುವುದಿಲ್ಲ.

ಕಾನೂನು ಬಂತು, ಎಲ್ಲಿಗೆ ತಲುಪಿತು? ಭಾರತದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ ತೊಂಬತ್ತೆಂಟಕ್ಕೂ ಹೆಚ್ಚು 10 ಹೆಕ್ಟೇರಿಗಿಂತ ಚಿಕ್ಕವು. ಅಂಥ ತೋಟದಲ್ಲಿ ಒಂದೇ ದಿನ 50 ಹೆಂಗಸರು ಕೆಲಸಕ್ಕಿರುವುದು ಅಪರೂಪ. ಮುಂದೆ ತೋಟ ಕಾರ್ಮಿಕರ ಕಾಯಿದೆಯನ್ನು ತಿದ್ದಿ, ಹೆಣ್ಣಾಳುಗಳ ಮಕ್ಕಳು 20 ಇದ್ದರೂ ಶಿಶುವಿಹಾರ ಬೇಕು, ಗುತ್ತಿಗೆದಾರ ತಂದ ಹೆಂಗಸರನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದರು. ಆದರೂ ದೊಡ್ಡ ಎಸ್ಟೇಟಿನ ಬೇಲಿಯಾಚೆಗೆ ಆಯಾ ಇಲ್ಲ, ತೊಟ್ಟಿಲಿಲ್ಲ, ಹದಿನೈದು ನಿಮಿಷವೂ ಇಲ್ಲ. ಒಂದೇ ರಸ್ತೆಯ ಎರಡು ಬದಿಯ ತೋಟಗಳಲ್ಲಿ ಒಂದೇ ಹಣ್ಣು ಬಿಡಿಸುವ ಇಬ್ಬರು ಬಾಣಂತಿಯರಲ್ಲಿ ಒಬ್ಬಳ ಹಾಲಿಗೆ ಕಾನೂನಿನ ಕಾವಲು, ಇನ್ನೊಬ್ಬಳದು ತೋಟದ ಲೆಕ್ಕ ಬರೆಯುವ ರೈಟರ ದಾಕ್ಷಿಣ್ಯಕ್ಕೆ ಬಿಟ್ಟದ್ದು. ಶಿಶುವಿಹಾರ ಇರುವ ತೋಟದಲ್ಲೂ ಇನ್ನೊಂದು ತೊಡಕು. ಶಿಶುವಿಹಾರ ಒಂದು ಕಡೆ ನಿಂತಿರುತ್ತದೆ, ಕೊಯ್ಲಿನ ಜಾಗ ದಿನದಿನಕ್ಕೆ ಸರಿಯುತ್ತದೆ. ಇಳಿಜಾರಿನ ಆಚೆ ತುದಿಯಲ್ಲಿ ಕೊಯ್ಲು ನಡೆಯುವ ದಿನ ಹೋಗಿಬರುವುದರಲ್ಲೇ ಹೊತ್ತು ತೀರುತ್ತದೆ.

ಇಷ್ಟಾದ ಮೇಲೆ ಒಂದು ಆಕ್ಷೇಪ ನ್ಯಾಯವಾಗಿಯೇ ಬರುತ್ತದೆ: ಹಾಗಾದರೆ ಜೋಲಿಯ ಕಾಲವನ್ನು ಹೊಗಳುತ್ತಿದ್ದೀರಾ? ಇಲ್ಲ. ಜೋಲಿಯ ಕೂಸಿಗೆ ನೇರ ಹಾಲು ಸಿಕ್ಕಿತು, ಅದರ ಜೊತೆಗೆ ಚಿಗಳಿ ಇರುವೆ, ಮಳೆಗಾಲದಲ್ಲಿ ಇಂಬಳ, ಜಡಿಮಳೆ, ಬೆಳಗಿನ ಚಳಿಯೂ ಸಿಕ್ಕವು. ಕೂಸನ್ನು ಕಾಯಲು ಕೂತ ಏಳೆಂಟು ವರ್ಷದ ಅಕ್ಕನ ಶಾಲೆ ತಪ್ಪಿತು. ಅಲ್ಲಿ ತಾಯಿ ನೇರವಾಗಿ ಹಾಲೂಡಿಸಿದ್ದು ತನ್ನ ಆಯ್ಕೆಯಿಂದಲ್ಲ, ಬೇರೆ ದಾರಿ ಇಲ್ಲದ್ದರಿಂದ. ಅದನ್ನು ಆದರ್ಶವೆಂದು ಎತ್ತಿ ಇಂದಿನ ಕೆಲಸದ ಹೆಣ್ಣುಮಕ್ಕಳಿಗೆ ತೋರಿಸುವುದು ಆ ತಾಯಂದಿರಿಗೂ ಇವರಿಗೂ ಮಾಡುವ ಅನ್ಯಾಯ. ಆ ಕಾಲದಿಂದ ಉಳಿಸಿಕೊಳ್ಳಬೇಕಾದದ್ದು ಹತ್ತಿರವನ್ನು ಮಾತ್ರ.

ಪಂಪು ಈ ದೂರಕ್ಕೆ ಇನ್ನೊಂದು ಉತ್ತರ ಕೊಟ್ಟಿತು: ತಾಯಿ ಇದ್ದಲ್ಲೇ ಇರಲಿ, ಹಾಲು ಹೋಗಲಿ. ಅಮೆರಿಕದಲ್ಲಿ 1854ರಲ್ಲೇ ಇಂಥ ಸಾಧನಕ್ಕೆ ಪೇಟೆಂಟ್ ಸಿಕ್ಕಿತ್ತು, ಸ್ವೀಡನ್ನಿನ ಐನಾರ್ ಎಗ್ನೆಲ್ 1956ರಲ್ಲಿ ಆಸ್ಪತ್ರೆಗಳಿಗೆ ಒಗ್ಗುವ ಯಂತ್ರ ಮಾಡಿದ, 1990ರ ದಶಕದಲ್ಲಿ ವಿದ್ಯುತ್ ಪಂಪು ಮನೆಗೆ ಬಂತು. ನಮ್ಮಲ್ಲಿ ಅದರ ಮೇಲಿನ ಅನುಮಾನಕ್ಕೆ ಸೀಸೆಯ ಕೆಟ್ಟ ಹೆಸರೂ ಕಾರಣ. ಪುಡಿಹಾಲಿನ ಡಬ್ಬಿ ಎದೆಹಾಲನ್ನು ಬಿಡಿಸಿದ ಕಾಲ ಒಂದಿತ್ತು. ಎಮ್ಮೆ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನವನ್ನು ರೂಪಿಸಿದ್ದು ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ.ಯೇ. ಡಬ್ಬಿ ಹಾಲಿನ ಹಾಗೂ ಸೀಸೆಯ ಜಾಹೀರಾತನ್ನು ಭಾರತ 1992ರ ಕಾಯಿದೆಯಿಂದ ನಿಲ್ಲಿಸಿತು. ಆದರೆ ಪಂಪಿನ ಸೀಸೆಯಲ್ಲಿರುವುದು ತಾಯಿಯದೇ ಹಾಲು. ಅದನ್ನು ಪುಡಿಹಾಲಿನ ಸಾಲಿಗೆ ಸೇರಿಸಿ ಬೈಯುವುದು ಸರಿಯಲ್ಲ.

ಎರಡೂ ಒಂದೇ ಎನ್ನುವುದೂ ಸರಿಯಲ್ಲ, ಅಲ್ಲಿ ನಾನು ಪಂಪಿನ ಪರ ಇರುವವರಿಂದ ಬೇರೆಯಾಗುತ್ತೇನೆ. ಎದೆ ಬರಿದಾದಷ್ಟೂ ಹಾಲು ಊರುತ್ತದೆ. ಚೆನ್ನಾಗಿ ಚೀಪುವ ಮಗು ಬರಿದುಮಾಡಿದಷ್ಟು ಯಂತ್ರ ಎಲ್ಲರಲ್ಲೂ ಮಾಡಲಾರದು. ಹಿಂಡಿದ ಹಾಲು ಕೋಣೆಯ ಹವೆಯಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಇರಬಹುದೆಂದು ವೈದ್ಯರು ಹೇಳುತ್ತಾರೆ. ಹಾಗಾಗಿ ಪಂಪೆಂದರೆ ಅದರೊಡನೆ ಕರೆಂಟು, ಫ್ರಿಜ್ಜು, ಕುದಿಸಿದ ನೀರು, ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ, ತೊಳೆಯುವ ಹೊತ್ತು ಇಷ್ಟೂ ಬೇಕು. ಬೆಂಗಳೂರಿನ ಕಚೇರಿಯಲ್ಲಿ ಇವು ಸಿಗಬಹುದು. ಬೇಲೂರಿನಿಂದ ಸುಮಾರು 40 ಕಿಲೋಮೀಟರು ದೂರದ ಹಾಸನದ ಸಿದ್ಧ ಉಡುಪಿನ ಕಾರ್ಖಾನೆಗೆ ಬೆಳಗಿನ ಬಸ್ಸಿನಲ್ಲಿ ಹೋಗಿ ಸಂಜೆ ಬರುವವಳಿಗೆ, ಹೊಲಿಗೆ ಯಂತ್ರದ ಸಾಲಿನಿಂದ ಏಳಲು ಅಪ್ಪಣೆ ಬೇಕಾದವಳಿಗೆ ಸಿಗುವುದು ಕಷ್ಟ. ಹಾಲು ಕಟ್ಟಿ ಜ್ವರ ಬಂದ ಎದೆಯನ್ನು ಶೌಚಾಲಯದಲ್ಲಿ ಹಿಂಡಿ ಚೆಲ್ಲಿ ಬರಬೇಕಾದವಳ ಮುಂದೆ ಪಂಪೋ ನೇರವೋ ಎಂಬ ವಾದ ನಿಲ್ಲುವುದಿಲ್ಲ.

ಪಂಪು ಹೆಣ್ಣಿಗೆ ಬಿಡುಗಡೆ ಕೊಟ್ಟಿತು, ಅದನ್ನು ಅನುಮಾನಿಸುವುದು ಅವಳನ್ನು ಮತ್ತೆ ಮನೆಗೆ ಕಟ್ಟಿದಂತೆ ಎಂಬುದು ಎರಡನೆಯ ಆಕ್ಷೇಪ. ಇದರಲ್ಲಿ ಸತ್ಯಾಂಶ ದೊಡ್ಡದೇ. ಅವಧಿಗೆ ಮುನ್ನ ಹುಟ್ಟಿದ ಕೂಸಿನ ತಾಯಿಗೆ ಹಾಲು ಹಿಂಡುವುದು ಮಗುವಿನ ಜೀವ ಉಳಿಸುವ ಕೆಲಸ. ಅರ್ಮಿಡಾ ಫರ್ನಾಂಡಿಸ್ 1989ರಲ್ಲಿ ಮುಂಬೈನ ಸಯಾನ್ ಆಸ್ಪತ್ರೆಯಲ್ಲಿ ತೆರೆದ ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕೂ, 2022ರಲ್ಲಿ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ ಆರಂಭವಾದ ಬ್ಯಾಂಕೂ ಹಿಂಡಿದ ಹಾಲಿನ ಮೇಲೆಯೇ ನಡೆಯುವಂಥವು. ತನ್ನ ಅನುಕೂಲಕ್ಕೆ ಪಂಪನ್ನು ಆರಿಸಿಕೊಂಡವಳಿಗೆ ಯಾರೂ ಸಮಜಾಯಿಷಿ ಕೇಳಬೇಕಿಲ್ಲ. ನನ್ನ ಆತಂಕ ಅವಳ ಮೇಲಿನದಲ್ಲ. ಹಾಲು ಪ್ರಯಾಣ ಮಾಡಬಲ್ಲದೆಂದು ಗೊತ್ತಾದ ಕೂಡಲೇ ತಾಯಿಗೆ ಬಿಡುವು ಏಕೆ ಎಂದು ಕೇಳುವ ಧಣಿಯ ಮೇಲೆ. 1961ರಲ್ಲಿ ಬರೆದ 15 ತಿಂಗಳ ಎರಡು ಬಿಡುವು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿದೆ. ಇದನ್ನು ಬಲ್ಲ ತಾಯಂದಿರೇ ಕಡಿಮೆ. ಹೆರಿಗೆ ಸೌಲಭ್ಯ ಕಾಯಿದೆಯ 2017ರ ತಿದ್ದುಪಡಿ ಸಂಬಳದ ರಜೆಯನ್ನು 26 ವಾರಕ್ಕೆ ಏರಿಸಿದ್ದು ಎಲ್ಲರಿಗೂ ಗೊತ್ತು. 50 ಜನ ಕೆಲಸಗಾರರಿರುವ ಕಡೆ ಶಿಶುವಿಹಾರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು ಎಂದು ಅದೇ ತಿದ್ದುಪಡಿ ಹೇಳಿದ್ದು ಮಾತಿಗೇ ಬರುವುದಿಲ್ಲ. ರಜೆ ಮುಗಿಯುವ ಆರನೆಯ ತಿಂಗಳಿಗೂ ಕಾನೂನೇ ಒಪ್ಪಿದ ಹದಿನೈದನೆಯ ತಿಂಗಳಿಗೂ ನಡುವಿನ ಒಂಬತ್ತು ತಿಂಗಳನ್ನು ಪಂಪೊಂದೇ ತುಂಬಬೇಕಾಗಿ ಬಂದಿದೆ.

ಕರ್ನಾಟಕ ಸರ್ಕಾರ 2023ರಲ್ಲಿ ಉದ್ಯೋಗ ಖಾತರಿಯ ಕೆಲಸಕ್ಕೆ ಬರುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆಗಳನ್ನು ತೆರೆಯಲು ಹೊರಟಿತು. ಆಳಿನ ಸಂಖ್ಯೆಯ ಲೆಕ್ಕವಿಲ್ಲದೆ, ಊರೊಳಗೇ, ಹಾಲು ಕುಡಿಯುವ ಮಗು ಇರಬಹುದಾದ ಜಾಗ ಅದು. ಚಿಕ್ಕ ತೋಟಗಳು ಒತ್ತೊತ್ತಾಗಿರುವ ಅರೇಹಳ್ಳಿಯಂಥ ಕಡೆಗೆ ಹೊಂದುವ ಏರ್ಪಾಡು ಇದೇ: ಹತ್ತು ತೋಟಗಳಿಗೆ ಸೇರಿ ಒಂದು ಮನೆ, ಕೊಯ್ಲಿನ ತಿಂಗಳುಗಳಲ್ಲಿ ತೋಟದ ತಾಯಂದಿರಿಗೂ ತೆರೆದ ಬಾಗಿಲು, ಹೋಗಿಬರುವ ಹೊತ್ತಿಗೆ ಕೂಲಿ ಕಡಿತವಿಲ್ಲ. ಈಗ ಮಲೆನಾಡಿನ ಕೊಯ್ಲಿಗೆ ಅಸ್ಸಾಮಿನಿಂದಲೂ ಸಂಸಾರ ಸಮೇತ ಬರುತ್ತಾರೆ, ಕಂಕುಳಲ್ಲಿ ಕೂಸಿರುವ ಹೆಂಗಸರೂ ಅವರಲ್ಲಿರುತ್ತಾರೆ. ಗುತ್ತಿಗೆದಾರ ತಂದವರನ್ನೂ ಎಣಿಸಬೇಕೆಂದು ಕಾಯಿದೆ ತಿದ್ದಿದ್ದು ಇಂಥವರಿಗಾಗಿಯೇ. ನವೆಂಬರಿನಲ್ಲಿ ಮೊದಲ ಹಣ್ಣು ಕೆಂಪಾದಾಗ ತೋಟದಲ್ಲಿ ಆಳು ಎಷ್ಟು ಎಂದು ಬರೆದುಕೊಳ್ಳುವ ಪುಸ್ತಕದಲ್ಲಿ ಅವರ ಕೂಸುಗಳಿಗೂ ಒಂದು ಅಂಕಣ ಬೇಕು.