ಪದ ಪರಿಚಯ: ಹುಡಿ

ಹೊಸದುರ್ಗದ ಬಟ್ಟೆ ಅಂಗಡಿಯಲ್ಲಿ ಕಾಲೇಜು ಹುಡುಗರು 'ಹುಡಿ' ಕೇಳಿದರೆ, ಬೆನ್ನ ಹಿಂದೆ ಟೋಪಿ ಜೋತುಬಿದ್ದ ದೊಗಳೆ ಸ್ವೆಟರ್ ಎಂದರ್ಥ. ಕರಾವಳಿಯವರ ಹುಡಿ, ಅಂದರೆ ಪುಡಿ, ಇದಲ್ಲ. ಹೊಲಕ್ಕೆ ಎತ್ತು ಹೂಡುವುದಕ್ಕೂ ಇದಕ್ಕೂ ನಂಟಿಲ್ಲ.

ಮೂಲ ಇಂಗ್ಲಿಷಿನ 'ಹುಡ್'. ತಲೆಮುಸುಕು ಎಂಬ ಅರ್ಥದ ಈ ಪದ ಹಳೆಯ ಇಂಗ್ಲಿಷಿನಲ್ಲೇ ಇತ್ತು. 'ಹ್ಯಾಟ್' ಅದರ ದಾಯಾದಿ. ಟೋಪಿಯಿರುವ ಸ್ವೆಟ್‌ಶರ್ಟನ್ನು 1930ರ ದಶಕದಲ್ಲಿ ಅಮೆರಿಕದ ಚಾಂಪಿಯನ್ ಕಂಪನಿ ಹೊಲಿಯಿತು. ಶೀತಲ ಗೋದಾಮಿನ ಕೂಲಿಗಳು, ಕ್ರೀಡಾಪಟುಗಳು ಅದನ್ನು ತೊಟ್ಟರು. 1970ರ ದಶಕದಲ್ಲಿ ನ್ಯೂಯಾರ್ಕಿನ ಹಿಪ್‌ಹಾಪ್ ಹುಡುಗರು ಅದನ್ನು ಬೀದಿಯ ಉಡುಪಾಗಿಸಿದರು. 'ಹುಡಿ' ಎಂಬ ಮುದ್ದು ಹೆಸರು ಬಳಕೆಗೆ ಬಂದದ್ದು 1990ರ ದಶಕದಲ್ಲಿ.

ಮನೆಮನೆಗೆ ಮುಟ್ಟಿಸಿದ್ದು ನಗರದ ಕಥೆ ಹೇಳುವ ಧಾರಾವಾಹಿಗಳು. ಬಾಲ್ಟಿಮೋರ್ ಬೀದಿಗಳ 'ದಿ ವೈರ್' (2002–2008) ಅದನ್ನು ಗಲ್ಲಿ ಹುಡುಗರ ಮೈಮೇಲೆ ತೋರಿಸಿತು. 'ಮಿಸ್ಟರ್ ರೋಬಾಟ್' (2015–2019) ಕಪ್ಪು ಹುಡಿಯನ್ನು ಹ್ಯಾಕರ್‌ನ ಗುರುತಾಗಿಸಿತು. ಮೊಬೈಲಿನಲ್ಲಿ ಸರಣಿ ನೋಡುವವರಿಗೆ ಬಟ್ಟೆಯ ಜೊತೆಗೆ ಅದರ ಗತ್ತೂ ಬೇಕು.

ಹಾಗೆಂದು ತಲೆಮುಸುಕು ನಮಗೆ ಹೊಸದಲ್ಲ. ಗೋಣಿಚೀಲದ ತಳದ ಒಂದು ಮೂಲೆಯನ್ನು ಇನ್ನೊಂದರೊಳಗೆ ತೂರಿಸಿ ತಲೆಗೇರಿಸಿದರೆ ಅದು 'ಕೊಪ್ಪೆ'. ಕಂಬಳಿಯದಾದರೆ ಕಂಬಳಿಕೊಪ್ಪೆ. ಮಳೆಯಲ್ಲಿ ಕುರಿ ಕಾಯುವವರಿಗೆ, ಹೊಲದಲ್ಲಿ ದುಡಿಯುವವರಿಗೆ ಅದೇ ಆಸರೆ.

ಅಂಗಡಿಯಲ್ಲಿ ಹುಡಿ ಎಂದೇ ಕೇಳಿ, ತಪ್ಪಿಲ್ಲ. ಆದರೆ ಅದರ ಟೋಪಿಗೆ ಕನ್ನಡದಲ್ಲಿ ಹೆಸರು ಬೇಕಾದಾಗ 'ಕೊಪ್ಪೆ' ಎನ್ನಿ. ಹೊಸ ಪದ ಟಂಕಿಸುವ ಕೆಲಸವಿಲ್ಲ.