ಥಾಲರ್ ನಾಣ್ಯದ ಕಥೆ

'ಜರ್ಮನ್ ಸಿಲ್ವರ್' ಎಂಬ ಮಾತು ನಮ್ಮ ಮನೆಗಳಿಗೆ ಹೊಸದಲ್ಲ. ಪೂಜೆಯ ತಟ್ಟೆ, ಕುಂಕುಮದ ಬಟ್ಟಲು, ಪನ್ನೀರುದಾನಿ ಎಲ್ಲವೂ ಆ ಲೋಹದಲ್ಲಿ ದೊರೆಯುತ್ತವೆ. ಆದರೆ ಅದು ತಾಮ್ರ, ನಿಕಲ್, ಸತುಗಳ ಬೆರಕೆ. ಬೆಳ್ಳಿ ಅದರಲ್ಲಿ ಲವಲೇಶವೂ ಇಲ್ಲ. ಹೆಸರೊಂದು, ಹುರುಳೊಂದು. ನಾಣ್ಯಸಂಗ್ರಹಕಾರರು ಅರಸುವ ಜರ್ಮನ್ ಬೆಳ್ಳಿಯೇ ಬೇರೆ. ಅದು 'ಥಾಲರ್' ಎಂಬ ದೊಡ್ಡ ನಾಣ್ಯ. ಅದರ ಚರಿತ್ರೆಯನ್ನು ನೋಡಿದರೆ, ನಾಣ್ಯದ ಹೆಸರಿಗೂ ಹುರುಳಿಗೂ ಅಂತರ ಬಿದ್ದಾಗಲೆಲ್ಲ ಜನ ಎಷ್ಟು ಬವಣೆಪಟ್ಟರೆಂಬುದು ತಿಳಿಯುತ್ತದೆ.

ಬೊಹೀಮಿಯದ ಬೆಟ್ಟಗಳ ನಡುವೆ, ಇಂದಿನ ಚೆಕ್ ದೇಶದಲ್ಲಿ, ಯೋಆಕಿಮ್ಸ್‌ಥಾಲ್ ಎಂಬ ಊರಿದೆ. ಅಲ್ಲಿ 1516ರಲ್ಲಿ ಬೆಳ್ಳಿಯ ಗಣಿ ದೊರೆಯಿತು. ಆ ನೆಲದ ಒಡೆಯರಾದ ಶ್ಲಿಕ್ ಮನೆತನದವರು 1520ರ ಸುಮಾರಿಗೆ ತಮ್ಮದೇ ನಾಣ್ಯಗಳನ್ನು ಅಚ್ಚೊತ್ತಿಸತೊಡಗಿದರು. ಒಂದು ಮುಖದಲ್ಲಿ ಸಂತ ಯೋಆಕಿಮ್, ಇನ್ನೊಂದರಲ್ಲಿ ಬೊಹೀಮಿಯದ ಸಿಂಹ; ತೂಕ ಸುಮಾರು 29 ಗ್ರಾಂ, ಎಂದರೆ ನಮ್ಮ ಎರಡೂವರೆ ತೊಲ. ಜರ್ಮನ್ ಭಾಷೆಯಲ್ಲಿ 'ಥಾಲ್' ಎಂದರೆ ಕಣಿವೆ. ಊರಿನ ಹೆಸರು ನಾಣ್ಯಕ್ಕೆ ಅಂಟಿ 'ಯೋಆಕಿಮ್ಸ್‌ಥಾಲರ್' ಆಯಿತು; ಜನರ ಬಾಯಲ್ಲಿ ಅದು ಸವೆದು 'ಥಾಲರ್' ಎಂದು ನಿಂತಿತು. ಜಗತ್ತೆಲ್ಲ ಆಡುವ 'ಡಾಲರ್' ಶಬ್ದ ಇದರ ತದ್ಭವವೇ.

ಆಗಿನ ಜರ್ಮನಿ ಒಂದೇ ರಾಜ್ಯವಲ್ಲ. ನೂರಾರು ಸಂಸ್ಥಾನಗಳ ಕೂಟ. ಅರಸರು, ಬಿಷಪ್ಪರು, ಸ್ವತಂತ್ರ ನಗರಗಳು ತಮ್ಮ ತಮ್ಮ ಕಮ್ಮಟಗಳನ್ನು ನಡೆಸುತ್ತಿದ್ದುವು. 1566ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಸೇರಿದ ಸಾಮ್ರಾಜ್ಯಸಭೆ, ಥಾಲರಿನಲ್ಲಿ ಸುಮಾರು 26 ಗ್ರಾಂ ಚೊಕ್ಕ ಬೆಳ್ಳಿ ಇರಬೇಕೆಂದು ಕಟ್ಟಳೆ ಮಾಡಿತು. ಆದರೆ ಬಡವರ ಕೈಯಲ್ಲಿ ಓಡಾಡುವುದು ಥಾಲರ್ ಅಲ್ಲ, ಚಿಲ್ಲರೆ. ಮೋಸ ನುಗ್ಗಿದ್ದೂ ಅಲ್ಲಿಯೇ.

1618ರಲ್ಲಿ ಮೂವತ್ತು ವರ್ಷಗಳ ಯುದ್ಧ ಮೊದಲಾಯಿತು. ಸೈನ್ಯಕ್ಕೆ ಹಣ ಬೇಕು, ಬೊಕ್ಕಸ ಬರಿದು. ಅರಸರು ಚಿಲ್ಲರೆಯಲ್ಲಿ ಬೆಳ್ಳಿಯನ್ನು ಇಳಿಸಿ ತಾಮ್ರವನ್ನು ಏರಿಸಿದರು. ದಳ್ಳಾಳಿಗಳು ಊರೂರು ಸುತ್ತಿ, ತಕ್ಕಡಿಯಲ್ಲಿ ತೂಗಿ, ಭಾರವಾದ ಹಳೆಯ ನಾಣ್ಯಗಳನ್ನು ಆಯ್ದುಕೊಂಡು ಕಮ್ಮಟದ ಮೂಸೆಗೆ ಹಾಕಿಸಿದರು. ತಕ್ಕಡಿ ವಾಲಿಸುವ ಈ ಕೆಲಸದಿಂದಲೇ ಆ ಕಾಲಕ್ಕೆ 'ಕಿಪ್ಪರ್–ವಿಪ್ಪರ್' ಎಂಬ ಹೆಸರು ಬಂದಿತು. 1623ರ ಹೊತ್ತಿಗೆ ಆ ಚಿಲ್ಲರೆಯನ್ನು ಮುಟ್ಟುವವರಿಲ್ಲ. ಹೆಚ್ಚು ನರಳಿದವರು ಗೊತ್ತಾದ ಸಂಬಳದಲ್ಲಿ ಬಾಳುವವರು: ಕೂಲಿಕಾರರು, ಪಾದ್ರಿಗಳು, ಉಪಾಧ್ಯಾಯರು. ಕಡೆಗೆ ಅರಸರಿಗೂ ಕಂದಾಯ ಅದೇ ಕೆಟ್ಟ ನಾಣ್ಯದಲ್ಲಿ ಹಿಂದಿರುಗಿ ಬಂದಾಗ ಕಣ್ಣು ತೆರೆಯಿತು.

ಪಾಠ ಬಹುಕಾಲ ನಿಲ್ಲಲಿಲ್ಲ. 1756ರಿಂದ 1763ರವರೆಗಿನ ಸಪ್ತವರ್ಷ ಯುದ್ಧದಲ್ಲಿ ಪ್ರಷ್ಯದ ದೊರೆ ಮಹಾ ಫ್ರೆಡರಿಕ್, ಸ್ಯಾಕ್ಸನಿಯ ಲೈಪ್‌ಜಿಗ್ ಕಮ್ಮಟವನ್ನು ಹಿಡಿದು, ಶತ್ರುರಾಜನ ಮುದ್ರೆಯಲ್ಲೇ, ಯುದ್ಧಪೂರ್ವದ ಇಸವಿಯನ್ನೇ ಹಾಕಿಸಿ, ಕೀಳು ನಾಣ್ಯಗಳನ್ನು ಹೊರಡಿಸಿದನು. ಆದುದರಿಂದ 1753 ಎಂದು ಕೆತ್ತಿದ ನಾಣ್ಯವೆಲ್ಲ ಆ ವರ್ಷದ್ದೇ ಎಂದು ಸಂಗ್ರಹಕಾರರು ನಂಬುವಂತಿಲ್ಲ. ಯುದ್ಧ ಮುಗಿದ ಮೇಲೆ, 1764ರಲ್ಲಿ, ಅವನೇ ಹಳೆಯ ಮಟ್ಟವನ್ನು ಮತ್ತೆ ನಿಲ್ಲಿಸಿದನು.

1857ರ ವಿಯೆನ್ನ ಒಪ್ಪಂದದಿಂದ ಹಲವು ರಾಜ್ಯಗಳಿಗೆ ಸಮನಾದ 'ಫೆರೈನ್ಸ್‌ಥಾಲರ್' ಬಂದಿತು. 500 ಗ್ರಾಂ ಚೊಕ್ಕ ಬೆಳ್ಳಿಗೆ 30 ನಾಣ್ಯ. 1871ರಲ್ಲಿ ಜರ್ಮನಿ ಒಂದಾಯಿತು. 1873ರ ಕಾನೂನು ಚಿನ್ನದ ಮಾರ್ಕನ್ನು ಸ್ಥಾಪಿಸಿತು. ಒಂದು ಥಾಲರಿಗೆ ಮೂರು ಮಾರ್ಕ್. ಹಳೆಯ ಬೆಳ್ಳಿಯನ್ನು ಸರಕಾರ ಕರಗಿಸಿ ಮಾರತೊಡಗಿತು. ಅತ್ತ ಅಮೆರಿಕದ ಗಣಿಗಳ ಬೆಳ್ಳಿಯೂ ಸುರಿಯಿತು, ಬೆಲೆ ಕುಸಿಯಿತು.

ಓದುಗರೇ, ಈ ಅಲೆ ನಮ್ಮ ನೆಲಕ್ಕೂ ತಾಕಿತು. ಆಗ ನಮ್ಮ ರೂಪಾಯಿ ಒಂದು ತೊಲ ತೂಕದ ಬೆಳ್ಳಿಯ ನಾಣ್ಯವಾಗಿತ್ತು. 1870ರ ಸುಮಾರಿಗೆ ಎರಡು ಷಿಲಿಂಗಿಗೆ ಹತ್ತಿರವಿದ್ದ ಅದರ ಬೆಲೆ 1893ರ ಹೊತ್ತಿಗೆ ಸುಮಾರು ಒಂದು ಷಿಲಿಂಗ್ ಮೂರು ಪೆನ್ನಿಗೆ ಇಳಿಯಿತು. ಇಂಗ್ಲೆಂಡಿಗೆ ಚಿನ್ನದ ಲೆಕ್ಕದಲ್ಲಿ ಕಳುಹಿಸಬೇಕಾದ ಹಣಕ್ಕೆ ಇಲ್ಲಿ ಹೆಚ್ಚು ರೂಪಾಯಿಗಳನ್ನು ತೆರಬೇಕಾಯಿತು. ಜನರು ಬೆಳ್ಳಿ ತಂದು ರೂಪಾಯಿ ಮಾಡಿಸಿಕೊಳ್ಳುವ ಹಕ್ಕನ್ನು ಸರಕಾರ ಆ ವರ್ಷವೇ ನಿಲ್ಲಿಸಿತು.

ನೀವೂ ಸಂಗ್ರಹಿಸುವುದಾದರೆ ಮುಖಮುದ್ರೆಯನ್ನಷ್ಟೇ ನೋಡಬೇಡಿ. ತೂಕ ನೋಡಿ, ಅಂಚು ನೋಡಿ, ಕಮ್ಮಟದ ಗುರುತು ನೋಡಿ. ಪ್ರಷ್ಯದ ನಾಣ್ಯದಲ್ಲಿ 'ಎ' ಎಂಬ ಅಕ್ಷರವಿದ್ದರೆ ಅದು ಬರ್ಲಿನ್. ಕೆಲವು ಥಾಲರುಗಳಲ್ಲಿ ಮಾನ್ಸ್‌ಫೆಲ್ಡ್ ಗಣಿಯನ್ನು ಹರಸುವ ಬರಹವಿದೆ; ಆ ಬೆಳ್ಳಿ ಯಾವ ನೆಲದ್ದೆಂದು ನಾಣ್ಯವೇ ಹೇಳುತ್ತದೆ. ಕಪ್ಪಾಗಿದೆಯೆಂದು ವಿಭೂತಿ ಹಚ್ಚಿ ಉಜ್ಜಲೇಬೇಡಿ. ಉಜ್ಜಿದರೆ ಅಕ್ಷರವೂ ಸವೆಯುತ್ತದೆ, ಬೆಲೆಯೂ ಇಳಿಯುತ್ತದೆ. ದೇವರ ಪೆಟ್ಟಿಗೆಯಲ್ಲಿ ವಿಕ್ಟೋರಿಯಾ ರಾಣಿಯ ರೂಪಾಯಿಯೊಂದು ಇದ್ದರೆ ಇಸವಿ ನೋಡಿ. 1893ಕ್ಕೆ ಹಿಂದಿನದೋ ಮುಂದಿನದೋ ಎಂಬುದರಲ್ಲಿ ಈ ಕಥೆಯ ಒಂದು ಅಧ್ಯಾಯವಿದೆ.